'ಲಾರ್ಸೆನಿ' ಮತ್ತು ಅದತ್ತಾದಾನ: ಒಂದು ಶಬ್ದವಿಮರ್ಶೆ

ಇಂಗ್ಲಿಷಿನ 'ಲಾರ್ಸೆನಿ' ಎಂಬ ಶಬ್ದಕ್ಕೆ ಕಳವು, ಕಳ್ಳತನ, ಚೌರ್ಯ ಎಂದು ಅರ್ಥ ಹೇಳುವುದು ವಾಡಿಕೆ. ಶ್ರಾವಕನ ಅಣುವ್ರತಗಳನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ತಿಳಿಸಹೊರಟವರು 'ಸ್ತೇಯ'ಕ್ಕೆ ಸಮಾನಪದವಾಗಿ ಇದನ್ನೇ ಆರಿಸಿಕೊಂಡರೆ ಆಶ್ಚರ್ಯವಿಲ್ಲ. ಆದರೆ ತಕ್ಕಡಿಯಲ್ಲಿಡುವ ಮೊದಲು ಕಲ್ಲಿನ ತೂಕ ಸರಿಯಿದೆಯೇ ಎಂದು ನೋಡುವುದು ವ್ಯಾಪಾರಧರ್ಮ. ಶಬ್ದದ ವಿಷಯದಲ್ಲಿಯೂ ಆ ಧರ್ಮ ಸಲ್ಲತಕ್ಕದ್ದೇ ಆಗಿದೆ.

ಈ ಶಬ್ದದ ಮೂಲ ಲ್ಯಾಟಿನ್ನಿನ 'ಲಾಟ್ರೋಸಿನಿಯಂ', ಅಂದರೆ ದರೋಡೆ. ಅದು ಫ್ರೆಂಚ್ ಭಾಷೆಯ ಮೂಲಕ ಇಂಗ್ಲೆಂಡಿನ ನ್ಯಾಯಸ್ಥಾನಗಳನ್ನು ಪ್ರವೇಶಿಸಿತು. ಅಲ್ಲಿನ ಸಾಂಪ್ರದಾಯಿಕ ಕಾನೂನಿನಲ್ಲಿ ಅದಕ್ಕೆ ನಿಶ್ಚಿತವಾದ ಅಂಗಗಳಿದ್ದವು: ವಸ್ತುವು ಪರರದಾಗಿರಬೇಕು, ಚರವಸ್ತುವಾಗಿರಬೇಕು, ಅದನ್ನು ಇನ್ನೊಬ್ಬರ ಸ್ವಾಧೀನದಿಂದ ಸಮ್ಮತಿಯಿಲ್ಲದೆ ತೆಗೆದು, ಇದ್ದ ಸ್ಥಳದಿಂದ ಸ್ವಲ್ಪವಾದರೂ ಕದಲಿಸಿರಬೇಕು, ಒಡೆಯನಿಗೆ ಅದು ಶಾಶ್ವತವಾಗಿ ಇಲ್ಲದಂತೆ ಮಾಡುವ ಉದ್ದೇಶವಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅದು ಲಾರ್ಸೆನಿಯಲ್ಲ. ಮರದಿಂದ ಹಣ್ಣನ್ನು ಕಿತ್ತು ಒಡನೆಯೇ ಕೊಂಡೊಯ್ದರೆ ಲಾರ್ಸೆನಿ ಆಗುತ್ತಿರಲಿಲ್ಲ, ಏಕೆಂದರೆ ಮರದಲ್ಲಿರುವ ಹಣ್ಣು ಭೂಮಿಯ ಭಾಗವೆಂದು ಗಣಿತವಾಗಿತ್ತು. ಉದುರಿಬಿದ್ದ ಹಣ್ಣನ್ನು ಆಯ್ದುಕೊಂಡರೆ ಮಾತ್ರ ಆಗುತ್ತಿತ್ತು.

ಈ ಸಂಕುಚಿತತೆಯ ನಿಜವಾದ ತೊಡಕು ಕಾಣಿಸಿಕೊಂಡದ್ದು ವ್ಯಾಪಾರದಲ್ಲಿ. 1473ರಲ್ಲಿ ಸರಕಿನ ಗಂಟುಗಳನ್ನು ಸೌತಾಂಪ್ಟನ್ನಿಗೆ ಸಾಗಿಸಲು ಒಪ್ಪಿಕೊಂಡವನೊಬ್ಬ ದಾರಿಯಲ್ಲಿ ಅವುಗಳನ್ನು ಬಿಚ್ಚಿ ಒಳಗಿನ ಸರಕನ್ನು ತೆಗೆದುಕೊಂಡನು. ಗಂಟನ್ನು ಒಡೆಯನೇ ಅವನ ಕೈಗೆ ಕೊಟ್ಟಿದ್ದನು. ಹಾಗಿರುವಾಗ ಕಳವು ಹೇಗೆ? ಗಂಟು ಅವನ ವಶದಲ್ಲಿದ್ದರೂ ಒಳಗಿನ ಸರಕು ಒಡೆಯನ ಸ್ವಾಧೀನದಲ್ಲೇ ಇತ್ತು ಎಂಬ ಸೂಕ್ಷ್ಮವನ್ನು ಹುಡುಕಿ ನ್ಯಾಯಾಧೀಶರು ಅವನನ್ನು ಅಪರಾಧಿಯೆನ್ನಬೇಕಾಯಿತು. 1799ರಲ್ಲಿ ಬೇಜ್ಲಿ ಎಂಬ ಬ್ಯಾಂಕ್ ಗುಮಾಸ್ತನು ಗ್ರಾಹಕನು ಕಟ್ಟಿದ 100 ಪೌಂಡಿನ ನೋಟನ್ನು ನಗದು ಪೆಟ್ಟಿಗೆಗೆ ಹಾಕದೆ ಜೇಬಿಗೆ ಸೇರಿಸಿದನು. ಪೆಟ್ಟಿಗೆಗೆ ಹಾಕಿ ಆ ಬಳಿಕ ತೆಗೆದಿದ್ದರೆ ಲಾರ್ಸೆನಿ. ನೋಟು ಮಾಲೀಕರ ಸ್ವಾಧೀನಕ್ಕೆ ಬಂದೇ ಇರಲಿಲ್ಲವಾದ್ದರಿಂದ ಅದು ಲಾರ್ಸೆನಿಯಲ್ಲವೆಂದು ನ್ಯಾಯಾಧೀಶರು ಅಭಿಪ್ರಾಯಪಟ್ಟರು. ಪಾರ್ಲಿಮೆಂಟು ಅದೇ ವರ್ಷ 'ಎಂಬೆಜಲ್‌ಮೆಂಟ್' ಎಂಬ ಬೇರೆ ಅಪರಾಧವನ್ನು ಶಾಸನದಿಂದ ಸೃಷ್ಟಿಸಿತು. ಹುಸಿ ಹೇಳಿ ಒಡೆತನವನ್ನೇ ಪಡೆದುಕೊಳ್ಳುವ ವಂಚನೆಗೆ 1757ರಲ್ಲಿಯೇ ಪ್ರತ್ಯೇಕ ಶಾಸನ ಬೇಕಾಗಿತ್ತು.

ಇಂಗ್ಲೆಂಡಿನಲ್ಲಿ 1968ರ ಶಾಸನವು 'ಲಾರ್ಸೆನಿ'ಯನ್ನು ಕೈಬಿಟ್ಟು 'ಥೆಫ್ಟ್' ಎಂಬ ವಿಶಾಲವಾದ ಶಬ್ದವನ್ನು ಸ್ವೀಕರಿಸಿತು. ಅಮೆರಿಕದ ಹಲವು ರಾಜ್ಯಗಳಲ್ಲಿ ಹಳೆಯ ಶಬ್ದ ಇನ್ನೂ ಬಳಕೆಯಲ್ಲಿದೆ. ನ್ಯೂಯಾರ್ಕಿನ ಶಾಸನವಂತೂ ಎಂಬೆಜಲ್‌ಮೆಂಟನ್ನೂ ಅದರಲ್ಲಿಯೇ ಅಡಗಿಸಿದೆ. ಭಾರತದಲ್ಲಿ 1860ರ ದಂಡಸಂಹಿತೆ 'ಥೆಫ್ಟ್' ಶಬ್ದವನ್ನು ಆರಿಸಿ, ದುರ್ವಿನಿಯೋಗ, ನಂಬಿಕೆದ್ರೋಹ, ವಂಚನೆಗಳಿಗೆ ಬೇರೆ ಬೇರೆ ಕಲಮುಗಳನ್ನು ಇಟ್ಟಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದೇ ಕ್ರಮವಿದೆ: 303ನೆಯ ಕಲಮು ಕಳವಿಗೆ, 314 ದುರ್ವಿನಿಯೋಗಕ್ಕೆ, 316 ನಂಬಿಕೆದ್ರೋಹಕ್ಕೆ, 317 ಕಳವಿನ ಮಾಲಿಗೆ, 318 ವಂಚನೆಗೆ. ಆದುದರಿಂದ ನಮ್ಮ ದೇಶದ ನ್ಯಾಯಾಲಯದ ಸಂಗತಿಯನ್ನು ಬರೆಯುವಾಗ 'ಲಾರ್ಸೆನಿ' ಎಂಬುದು ಪಾಂಡಿತ್ಯದ ತೋರಿಕೆಯಾದೀತೇ ಹೊರತು ಸರಿಯಾದ ಹೆಸರಾಗದು.

ಶಾಸ್ತ್ರದ ದೃಷ್ಟಿ ಇನ್ನೂ ಭಿನ್ನ. ಉಮಾಸ್ವಾತಿ ಆಚಾರ್ಯರು ಸ್ತೇಯವನ್ನು ಅದತ್ತಾದಾನವೆಂದು, ಎಂದರೆ ಕೊಡದುದನ್ನು ತೆಗೆದುಕೊಳ್ಳುವುದೆಂದು ನಿರೂಪಿಸಿದರು. ಲಾರ್ಸೆನಿ ಕೇಳುವ ಪ್ರಶ್ನೆ, 'ವಸ್ತು ಯಾರ ಸ್ವಾಧೀನದಿಂದ ಹೊರಟಿತು?' ಅದತ್ತಾದಾನ ಕೇಳುವ ಪ್ರಶ್ನೆ, 'ಅದು ನಿನಗೆ ಕೊಟ್ಟದ್ದೇ?' ಅಚೌರ್ಯದ ಐದು ಅತಿಚಾರಗಳಲ್ಲಿ ಕಳ್ಳನಿಗೆ ಪ್ರೇರಣೆ, ಕದ್ದ ಮಾಲಿನ ಖರೀದಿ, ರಾಜ್ಯನಿಯಮದ ಉಲ್ಲಂಘನೆ, ಅಳತೆ ತೂಕಗಳ ಮೋಸ, ಕಲಬೆರಕೆ ಇವೆ. ಇವುಗಳಲ್ಲಿ ಒಂದೂ ಹಳೆಯ ಲಾರ್ಸೆನಿಯ ಅಂಗಗಳೊಳಗೆ ಹಿಡಿಯುವುದಿಲ್ಲ. ಮೂರಂತೂ ಅಂಗಡಿಯ ಗದ್ದುಗೆಯ ಮೇಲೆ ಕುಳಿತೇ ನಡೆಯತಕ್ಕವು.

ಹಾಗೆಂದು ಶಾಸ್ತ್ರಕಾರರು ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟಿದರೆಂದಲ್ಲ. ಇಡುಗಂಟನ್ನು ಇಟ್ಟವನು ಮೊತ್ತ ಮರೆತು ಕಡಿಮೆ ಕೇಳಿದಾಗ 'ಹೌದು, ಅಷ್ಟೇ' ಎಂದು ಕೊಟ್ಟು ಕಳುಹಿಸುವ ನ್ಯಾಸಾಪಹಾರವನ್ನು ತತ್ತ್ವಾರ್ಥಸೂತ್ರವು ಅಚೌರ್ಯದಲ್ಲಿ ಎಣಿಸದೆ ಸತ್ಯವ್ರತದ ಅತಿಚಾರಗಳಲ್ಲಿ ಎಣಿಸುತ್ತದೆ. ಕೈ ಮಾಡಿದ ತಪ್ಪಿಗಿಂತ ಮುಂಚೆ ನಾಲಗೆ ಮಾಡಿದ ತಪ್ಪನ್ನು ಅದು ಗುರುತಿಸಿತು. ಇಂಗ್ಲಿಷ್ ಕಾನೂನು ವಿಂಗಡಿಸಿದಾಗ ಹೊಸ ಶಾಸನ ಬರುವತನಕ ಅಪರಾಧಿ ನಡುವೆ ನುಸುಳಿ ಪಾರಾದನು. ಇಲ್ಲಿ ಒಂದು ವ್ರತದ ಬಾಗಿಲಿನಿಂದ ಹೊರಬಿದ್ದವನನ್ನು ಇನ್ನೊಂದು ವ್ರತ ತಡೆದು ನಿಲ್ಲಿಸುತ್ತದೆ.

ಈ ಭೇದ ಕೇವಲ ಪಂಡಿತರ ಚರ್ಚೆಯಲ್ಲ. ಬಸದಿಯ ಟ್ರಸ್ಟಿನ ಖಜಾಂಚಿಯೊಬ್ಬನು ಅಭಿಷೇಕದ ಕಾಣಿಕೆಯ ಹಣವನ್ನು ಒಂದು ತಿಂಗಳು ತನ್ನ ಅಂಗಡಿಯ ವಹಿವಾಟಿಗೆ ತಿರುಗಿಸಿ, ತಿಂಗಳ ಕೊನೆಗೆ ಪೈಸೆ ಬಿಡದೆ ತುಂಬಿದನೆಂದು ಭಾವಿಸಿ. ಹಣ ಅವನ ಕೈಗೆ ಒಪ್ಪಿಸಿದ್ದು. ಮರಳಿಸುವ ಉದ್ದೇಶವೂ ಇತ್ತು. 'ಲಾರ್ಸೆನಿಯಲ್ಲ' ಎಂದು ಅವನು ಎದೆ ತಟ್ಟಿಕೊಳ್ಳಬಹುದು, ಶಬ್ದ ಅವನ ಪಕ್ಷದಲ್ಲಿಯೇ ಇದೆ. ಆದರೆ ಭಾರತದ ಕಾನೂನು ಸ್ವಲ್ಪಕಾಲದ ಅಪ್ರಾಮಾಣಿಕ ಬಳಕೆಯನ್ನೂ ದುರ್ವಿನಿಯೋಗವೆನ್ನುತ್ತದೆ. ಸಾಮಾನ್ಯ ಕಳವಿಗೆ ಗರಿಷ್ಠ 3 ವರ್ಷ ಸೆರೆಯಾದರೆ, ನಂಬಿಕೆದ್ರೋಹಕ್ಕೆ 5 ವರ್ಷದವರೆಗೆ ಸೆರೆಯನ್ನು ವಿಧಿಸುತ್ತದೆ. ವ್ರತದ ಪ್ರಶ್ನೆಯಂತೂ ಒಂದೇ: ದಾತೃಗಳು ಆ ಹಣವನ್ನು ಅವನ ಅಂಗಡಿಗೆ ಕೊಟ್ಟಿದ್ದರೇ?

ಆದ್ದರಿಂದ ಇಂಗ್ಲಿಷಿನಲ್ಲಿ ಬರೆಯುವವರು ಆಂಗ್ಲ ಮತ್ತು ಅಮೆರಿಕದ ಕಾನೂನಿನ ಪ್ರಸ್ತಾಪಕ್ಕೆ ಮಾತ್ರ 'ಲಾರ್ಸೆನಿ'ಯನ್ನು ಮೀಸಲಿಡಲಿ. ಭಾರತದ ಕಳವಿಗೆ 'ಥೆಫ್ಟ್' ಸಾಕು. ಅದತ್ತಾದಾನವನ್ನು ಅದರ ಅಕ್ಷರಾರ್ಥದಲ್ಲಿಯೇ, ಕೊಡದುದನ್ನು ಕೊಳ್ಳುವುದೆಂದು ಬಿಡಿಸಿ ಹೇಳುವುದೇ ಲೇಸು. ಟ್ರಸ್ಟುಗಳ ಲೆಕ್ಕಪುಸ್ತಕ ತೆರೆಯುವವರಿಗೂ ಆ ಅರ್ಥವೇ ಸಾಕಷ್ಟು ಕೆಲಸ ಕೊಡುತ್ತದೆ.