ಚಿಕ್ಕ ಕಾರ್ಯಗಳು ಮತ್ತು ಸಮುದಾಯದ ಪರಿವರ್ತನೆ: ಮಾಗಡಿ ಕೆರೆಯ ದಂಡೆಯಿಂದ ‘ಲೌದಾತೊ ಸಿ’ಯ ಒಂದು ಮರು ಓದು

ಜಗದ್ಗುರು ಫ್ರಾನ್ಸಿಸ್‌ರವರು 2015ರ ಮೇ 24ರಂದು ಸಹಿ ಮಾಡಿದ ‘ಲೌದಾತೊ ಸಿ’ ವಿಶ್ವ ಪರಿಪತ್ರವು ಆರು ಅಧ್ಯಾಯಗಳ, 246 ಪರಿಚ್ಛೇದಗಳ ದೀರ್ಘ ಬೋಧನೆ. ಅದು ಹೊರಬಂದು ಒಂದು ದಶಕ ಕಳೆದಿದೆ. ಗುರುಮಠಗಳ ಪಾಠಗಳಲ್ಲಿ, ಧ್ಯಾನಕೂಟಗಳಲ್ಲಿ, ಧರ್ಮಕೇಂದ್ರಗಳ ಪ್ರಬೋಧನೆಗಳಲ್ಲಿ ಅದಕ್ಕೆ ಗೌರವದ ಸ್ಥಾನ ದೊರೆತಿದೆ. ಆದರೆ ಒಂದು ಗ್ರಂಥವು ಬೋಧಪೀಠವನ್ನು ಏರಿದಾಗ ಅದರ ಎಲ್ಲ ಭಾಗಗಳೂ ಸಮನಾಗಿ ಕೇಳಿಬರುವುದಿಲ್ಲ. ಈ 246 ಪರಿಚ್ಛೇದಗಳಲ್ಲಿ ನಮ್ಮ ವಿಶ್ವಾಸಿಗಳ ಕಿವಿಗೆ ನಿಜವಾಗಿ ತಲುಪಿರುವುದು ಬಹುಮಟ್ಟಿಗೆ ಒಂದೇ ಎಂದು ನನಗೆ ತೋರುತ್ತದೆ. ಅದು 211ನೆಯದು.

ಆ ಪರಿಚ್ಛೇದವು ದಿನನಿತ್ಯದ ಚಿಕ್ಕ ಕಾರ್ಯಗಳನ್ನು ಎಣಿಸಿ ಹೇಳುತ್ತದೆ: ಪ್ಲಾಸ್ಟಿಕ್ ಬಳಕೆಯನ್ನು ತಗ್ಗಿಸುವುದು, ನೀರನ್ನು ಮಿತವಾಗಿ ಬಳಸುವುದು, ಕಸವನ್ನು ಬೇರ್ಪಡಿಸುವುದು, ಉಣ್ಣುವಷ್ಟನ್ನೇ ಬೇಯಿಸುವುದು, ಗಿಡ ನೆಡುವುದು, ಬೇಡದ ದೀಪವನ್ನು ಆರಿಸುವುದು. ಜೂನ್ 5 ಬಂದಾಗ, ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ಸೃಷ್ಟಿಯ ಕಾಲ ಬಂದಾಗ ನಾವು ಬೋಧಿಸುವುದು ಇದನ್ನೇ. ನಾನೂ ಹಲವು ವರ್ಷ ಹೀಗೆಯೇ ಬೋಧಿಸಿದ್ದೇನೆ. ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಸಸಿ ನೆಟ್ಟು, ಛಾಯಾಚಿತ್ರ ತೆಗೆಸಿಕೊಂಡು, ಮರುವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ಸಸಿಯನ್ನು ನೆಟ್ಟ ಅನುಭವ ನಮ್ಮಲ್ಲಿ ಅನೇಕರಿಗೆ ಇದೆ. ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ವಿಶ್ವಾಸಿಯ ಪರಿಸರ ಚಿಂತನೆಯನ್ನು ನಾವು ಅವನೊಬ್ಬನ ಸದ್ಗುಣಗಳ ಲೆಕ್ಕವನ್ನಾಗಿ ಮಾಡಿಬಿಟ್ಟಿದ್ದೇವೆಯೇ ಎಂಬುದು ನನ್ನ ಪ್ರಶ್ನೆ.

ಏಕೆಂದರೆ ಅದೇ ಅಧ್ಯಾಯದಲ್ಲಿ, ಎಂಟು ಪರಿಚ್ಛೇದಗಳಾಚೆ, 219ರಲ್ಲಿ ಪರಿಪತ್ರವು ಸ್ಪಷ್ಟವಾದ ಎಚ್ಚರಿಕೆಯನ್ನು ನೀಡುತ್ತದೆ. ವ್ಯಕ್ತಿಗಳು ಒಬ್ಬೊಬ್ಬರಾಗಿ ಉತ್ತಮರಾಗುವುದರಿಂದ ಇಂದಿನ ಜಟಿಲ ಸ್ಥಿತಿ ಬಗೆಹರಿಯದು. ಸಾಮಾಜಿಕ ಸಮಸ್ಯೆಗೆ ಸಮುದಾಯದ ಜಾಲಗಳೇ ಉತ್ತರ ಕೊಡಬೇಕು, ಬಿಡಿ ಸತ್ಕಾರ್ಯಗಳ ಮೊತ್ತ ಸಾಲದು. ಪರಿಸರ ಸಂಬಂಧವಾದ ಮನಪರಿವರ್ತನೆ ಸಮುದಾಯದ ಪರಿವರ್ತನೆಯೂ ಆಗಿರಬೇಕು ಎಂಬುದು ಅದರ ಸಾರಾಂಶ. 211ನ್ನು ಬೋಧಿಸಿ 219ನ್ನು ಬಿಡುವುದೆಂದರೆ ಪರಿಪತ್ರವು ಯಾವ ತಪ್ಪನ್ನು ಮುಂಗಂಡು ಎಚ್ಚರಿಸಿತೋ ಅದೇ ತಪ್ಪನ್ನು ಪರಿಪತ್ರದ ಹೆಸರಿನಲ್ಲಿಯೇ ಎಸಗುವುದು.

ದೋಷವೆಲ್ಲ ಓದುಗರದೇ ಎಂದರೂ ಸರಿಯಾಗದು. 211ನೆಯ ಪರಿಚ್ಛೇದಕ್ಕೇ ಒಂದು ಮಿತಿಯಿದೆ. ಅದು ಕೊಡುವ ಮೊದಲ ಉದಾಹರಣೆ, ಮನೆಯನ್ನು ಬೆಚ್ಚಗಿಡುವ ಯಂತ್ರವನ್ನು ಹೆಚ್ಚು ಬಳಸಬಲ್ಲವನು ಅದರ ಬದಲು ಬೆಚ್ಚನೆಯ ಉಡುಪನ್ನು ತೊಡುವುದು. ಈ ಮಾತನ್ನು ಗದಗ ಜಿಲ್ಲೆಯ ಯಾವುದಾದರೂ ಹಳ್ಳಿಯಲ್ಲಿ ಓದಿ ನೋಡಬೇಕು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ನೆಲವದು. ಅಲ್ಲಿ ನೀರನ್ನು ಮಿತವಾಗಿ ಬಳಸುವುದು ತಪಸ್ಸುಕಾಲದ ವ್ರತವಲ್ಲ, ಬದುಕಿನ ಕಟ್ಟಳೆ. ತ್ಯಜಿಸಲು ಹೆಚ್ಚುವರಿ ಏನಾದರೂ ಇರುವವನನ್ನು ಕಣ್ಣಮುಂದೆ ಇಟ್ಟುಕೊಂಡು ಹೇಳಿದ ಮಾತು, ತ್ಯಜಿಸಲು ಏನೂ ಇಲ್ಲದವನ ಮುಂದೆ ಅರ್ಥ ಕಳೆದುಕೊಳ್ಳುತ್ತದೆ. ಕಡಿಮೆ ಭೂಮಿಯಲ್ಲಿ, ಕಡಿಮೆ ವ್ಯರ್ಥ ಮಾಡಿ ಲೋಕದ ಬಹುಪಾಲು ಜನರಿಗೆ ಅನ್ನವಿಡುವ ಸಣ್ಣ ಹಿಡುವಳಿಗಳನ್ನು ಇದೇ ಪರಿಪತ್ರ 129ರಲ್ಲಿ ಗೌರವದಿಂದ ನೆನೆಯುತ್ತದೆ. ಆದರೆ ದಿನನಿತ್ಯದ ಕರ್ತವ್ಯಗಳನ್ನು ಎಣಿಸುವಲ್ಲಿ ಆ ರೈತನು ಅದರ ಕಣ್ಣಿನಿಂದ ಮರೆಯಾಗುತ್ತಾನೆ.

ಆ ರೈತನನ್ನು ಮರಳಿ ಕಾಣಲು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ದಂಡೆ ತಕ್ಕ ಸ್ಥಳ. ಇದು ನಿಸರ್ಗವು ತಾನಾಗಿ ಕೊಟ್ಟ ಸರೋವರವಲ್ಲ. ನೀರಾವರಿಗಾಗಿ ಮಳೆನೀರನ್ನು ಹಿಡಿದಿಡಲು ಮನುಷ್ಯರು ಕಟ್ಟಿದ, ಸುಮಾರು 50 ಹೆಕ್ಟೇರ್ ವಿಸ್ತಾರದ ಕೆರೆ. ಅಲ್ಲಿ 166ಕ್ಕೂ ಹೆಚ್ಚು ಪ್ರಭೇದಗಳ ಪಕ್ಷಿಗಳನ್ನು ಗುರುತಿಸಲಾಗಿದ್ದು, ಅವುಗಳಲ್ಲಿ 130 ವಲಸೆ ಬರುವಂಥವು. ಮಂಗೋಲಿಯ, ಟಿಬೆಟ್‌ಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಸುಮಾರು 8,000 ಸಂಖ್ಯೆಯಲ್ಲಿ ಇಲ್ಲಿ ತಂಗುತ್ತವೆ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಈ ಕೆರೆಯು ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಗಳೊಂದಿಗೆ ಸ್ಥಾನ ಪಡೆದ ಸಂಗತಿ 2024ರ ಜನವರಿಯಲ್ಲಿ ಪ್ರಕಟವಾಯಿತು.

ಇಂಥ ದೃಶ್ಯದ ಮುಂದೆ ನಿಂತ ಬೋಧಕನ ಬಾಯಿಗೆ ಮೊದಲು ಬರುವುದು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯ: ಬಿತ್ತದ, ಕೊಯ್ಯದ ಆಕಾಶದ ಹಕ್ಕಿಗಳನ್ನು ಪರಮಪಿತನು ಸಾಕುತ್ತಾನೆ. ಮಾತು ಸತ್ಯ. ಆದರೆ ಮಾಗಡಿಯಲ್ಲಿ ಪರಮಪಿತನು ಆ ಹಕ್ಕಿಗಳನ್ನು ಯಾರ ಹೊಲದಿಂದ ಸಾಕುತ್ತಾನೆ? ಹೆಬ್ಬಾತು ಹುಲ್ಲನ್ನೂ ಬೆಳೆಯನ್ನೂ ಮೇಯುವ ಹಕ್ಕಿ. ಹಗಲಿನಲ್ಲಿ ನೀರಿನ ಮೇಲೆ ವಿಶ್ರಮಿಸಿ, ಹೊತ್ತು ಇಳಿದ ಮೇಲೆ ಹೊಲಗಳಿಗೆ ಇಳಿಯುವುದು ಅದರ ರೂಢಿ. ಅದು ಬರುವ ಕಾಲವೂ ಹಿಂಗಾರಿ ಪೈರು ನೆಲದ ಮೇಲಿರುವ ಕಾಲವೂ ಒಂದೇ. ಕೆರೆಯ ದಂಡೆಯಲ್ಲಿ ನಿಂತವನಿಗೆ ಸೃಷ್ಟಿಕರ್ತನ ಸ್ತುತಿಯಾಗಿ ಕಾಣುವ ಹಿಂಡು, ಹೊಲದ ಬದುವಿನಲ್ಲಿ ನಿಂತವನಿಗೆ ಲೆಕ್ಕವೂ ಆಗಿದೆ. ಪ್ರಕೃತಿಪ್ರೇಮದ ಪ್ರಬೋಧನೆ ಈ ಲೆಕ್ಕವನ್ನು ಕಾಣದೆ ಹೋದರೆ, ಪರರ ಬೆಳೆಯಿಂದ ಹಕ್ಕಿಗಳನ್ನು ಸಾಕಿ ಪುಣ್ಯವನ್ನು ತನ್ನ ಹೆಸರಿಗೆ ಬರೆದುಕೊಂಡಂತಾಗುತ್ತದೆ.

ಪವಿತ್ರ ಗ್ರಂಥವು ಈ ಲೆಕ್ಕವನ್ನು ಕಾಣದೆ ಹೋಗಿಲ್ಲ. ಪ್ರಾಣಿಗಳ ಬಗೆಗಿನ ಕರುಣೆಯನ್ನು ಎತ್ತಿ ತೋರಲು ‘ಲೌದಾತೊ ಸಿ’ 68ನೆಯ ಪರಿಚ್ಛೇದದಲ್ಲಿ ವಿಮೋಚನಕಾಂಡ 23:12ನ್ನು ಉಲ್ಲೇಖಿಸುತ್ತದೆ. ಎತ್ತು ಕತ್ತೆಗಳಿಗೂ ಸಬ್ಬತ್ ದಿನದ ವಿಶ್ರಾಂತಿ ಸಲ್ಲಬೇಕೆಂಬ ವಿಧಿ ಅದು. ಮಾಗಡಿಗೆ ಇನ್ನೂ ಹತ್ತಿರವಾದ ಮಾತು ಅದಕ್ಕೆ ಒಂದು ವಚನ ಹಿಂದೆ, 23:11ರಲ್ಲಿದೆ. ಏಳನೆಯ ವರ್ಷ ಭೂಮಿಯನ್ನು ಬೀಳು ಬಿಡಬೇಕು. ತಾನಾಗಿ ಬೆಳೆದದ್ದನ್ನು ನಾಡಿನ ಬಡವರು ತಿನ್ನಬೇಕು. ಅವರು ಬಿಟ್ಟದ್ದನ್ನು ಕಾಡಿನ ಮೃಗಗಳು ತಿನ್ನಬೇಕು. ಬಡವನೂ ಕಾಡುಜೀವಿಯೂ ಇಲ್ಲಿ ಒಂದೇ ವಚನದಲ್ಲಿ, ಒಂದೇ ಹೊಲದಲ್ಲಿ, ಪಾಲುದಾರರಾಗಿದ್ದಾರೆ. ಯಾಜಕಕಾಂಡ 25:7 ಕೂಡ ಸಬ್ಬತ್ ವರ್ಷದ ಫಲದಲ್ಲಿ ಸಾಕುಪ್ರಾಣಿಗೂ ಕಾಡುಪ್ರಾಣಿಗೂ ಪಾಲು ಇಡುತ್ತದೆ.

ಈ ವಿಧಿಯ ಸ್ವರೂಪವನ್ನು ಗಮನಿಸಬೇಕು. ಯಾಜಕಕಾಂಡವು ಸಬ್ಬತ್ ವರ್ಷವನ್ನು ಒಬ್ಬ ಧರ್ಮಿಷ್ಠ ರೈತನ ಸ್ವಯಂಪ್ರೇರಿತ ತ್ಯಾಗವೆಂದು ಹೇಳುವುದಿಲ್ಲ. ಇಡೀ ನಾಡಿನ ವಿರಾಮವೆಂದು ವಿಧಿಸುತ್ತದೆ. ನೆರೆಯವನು ಬಿತ್ತುತ್ತಿರುವಾಗ ತಾನೊಬ್ಬನೇ ಬೀಳು ಬಿಟ್ಟು ಹಸಿಯುವ ಸ್ಥಿತಿ ಅಲ್ಲಿ ಯಾರಿಗೂ ಬರಕೂಡದು. ಏಳನೆಯ ವರ್ಷ ಏನು ತಿನ್ನೋಣ ಎಂಬ ರೈತನ ಪ್ರಶ್ನೆಯನ್ನು ಅದೇ ಅಧ್ಯಾಯದ 20ನೆಯ ವಚನ ಅವಿಶ್ವಾಸವೆಂದು ತಳ್ಳಿಹಾಕುವುದಿಲ್ಲ, ಎತ್ತಿಕೊಂಡು ಉತ್ತರಿಸುತ್ತದೆ. ಸೃಷ್ಟಿಯ ಮೇಲಿನ ಕರುಣೆಗೆ ತಗಲುವ ವೆಚ್ಚವನ್ನು ಸಮುದಾಯವೇ ಹಂಚಿಕೊಂಡು ಹೊರಬೇಕೆಂಬುದು ಇಲ್ಲಿಯ ದೈವಶಾಸ್ತ್ರ. 219ನೆಯ ಪರಿಚ್ಛೇದದ ಬೈಬಲ್ ಆಧಾರ ಇಲ್ಲಿದೆ ಎಂದು ನಾನು ತಿಳಿಯುತ್ತೇನೆ.

ಈ ದೃಷ್ಟಿಯಿಂದ ನಮಗೆ ಪ್ರಿಯವಾದ ‘ಮೇಲ್ವಿಚಾರಕ’ ಎಂಬ ರೂಪಕವನ್ನೂ ಪರೀಕ್ಷಿಸಬೇಕಾಗಿದೆ. ಮಾನವನ ದೊರೆತನವನ್ನು ಜವಾಬ್ದಾರಿಯುತ ಮೇಲ್ವಿಚಾರಣೆ ಎಂದು ತಿಳಿಯಬೇಕೆಂದು 116ನೆಯ ಪರಿಚ್ಛೇದ ಹೇಳುತ್ತದೆ. 1967ರಲ್ಲಿ ಲಿನ್ ವೈಟ್ ಪರಿಸರದ ಬಿಕ್ಕಟ್ಟಿಗೆ ಪಾಶ್ಚಾತ್ಯ ಕ್ರೈಸ್ತ ಚಿಂತನೆಯನ್ನು ಹೊಣೆಯಾಗಿಸಿದಂದಿನಿಂದ ಕ್ರೈಸ್ತರು ಕೊಡುತ್ತ ಬಂದ ಉತ್ತರವೂ ಇದೇ. ಆದರೆ ಲೂಕನ ಶುಭಸಂದೇಶದ 16ನೆಯ ಅಧ್ಯಾಯದಲ್ಲಿ ಮೇಲ್ವಿಚಾರಕನು ಒಬ್ಬ, ಒಡೆಯನು ಒಬ್ಬ, ಲೆಕ್ಕ ಅವರಿಬ್ಬರ ನಡುವಿನದು. ರೂಪಕವೇ ನಮ್ಮನ್ನು ಒಂಟಿ ಲೆಕ್ಕದ ಕಡೆಗೆ ಎಳೆಯುತ್ತದೆ. ಕೆರೆಯ ಲೆಕ್ಕ ಹಾಗಿಲ್ಲ. ಮೇಲಿನ ಹೊಲಗಳ ಮಣ್ಣು ಕೊಚ್ಚಿ ಬಂದರೆ ಕೆರೆಯಲ್ಲಿ ಹೂಳು ತುಂಬುತ್ತದೆ. ನೀರು ಬರುವ ಹಳ್ಳ ಒತ್ತುವರಿಯಾದರೆ ಕೆರೆ ಬತ್ತುತ್ತದೆ. ಮನೆಯ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದವನು ತನ್ನ ಮಟ್ಟಿಗೆ ನಿರ್ದೋಷಿ. ಆದರೂ ಕೆರೆ ತುಂಬುವುದಿಲ್ಲ. ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ನೀರು ಹಂಚುತ್ತಿದ್ದ ನೀರಗಂಟಿಯೂ ಒಬ್ಬನೇ. ಆದರೆ ಅವನು ಊರಿನ ಕಟ್ಟಳೆಯೊಳಗೆ, ಊರಿಗೆ ಉತ್ತರ ಕೊಡುವವನಾಗಿ ನಿಂತಿದ್ದನು. ನಮ್ಮ ಮೇಲ್ವಿಚಾರಕನ ಚಿತ್ರಕ್ಕೆ ಇಲ್ಲದಿರುವುದು ಆ ಊರು.

ಸಮುದಾಯದ ಪರಿವರ್ತನೆ ಎಂಬುದು ಬರಿಯ ಆದರ್ಶವೇ ಎಂದು ಕೇಳುವವರಿಗೆ ಗದಗ ಜಿಲ್ಲೆಯೇ ಉತ್ತರ ಕೊಟ್ಟಿದೆ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗಾಗಿ ಕೃಷಿಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲು ಹೊರಟಾಗ ರೈತರು ಎದ್ದು ನಿಂತರು. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು ಅವರ ಮುಂದೆ ನಡೆದರು. ಸರ್ಕಾರ ಯೋಜನೆಯನ್ನು ಅಲ್ಲಿ ಕೈಬಿಟ್ಟಿತು. ಕಪ್ಪತಗುಡ್ಡಕ್ಕೆ ನೀಡಿದ್ದ ಸಂರಕ್ಷಣಾ ಮೀಸಲಿನ ಸ್ಥಾನವನ್ನು 2016ರಲ್ಲಿ ಹಿಂತೆಗೆದುಕೊಂಡಾಗ ಜನರು ಮತ್ತೆ ಒಂದಾದರು. 2017ರಲ್ಲಿ ಆ ಸ್ಥಾನ ಮರಳಿತು, 2019ರಲ್ಲಿ ಗುಡ್ಡವು ವನ್ಯಜೀವಿಧಾಮವಾಯಿತು. 219ನೆಯ ಪರಿಚ್ಛೇದ ಬರೆಯಲ್ಪಡುವ ಮುನ್ನವೇ ಅದರ ತಿರುಳನ್ನು ಒಂದು ಲಿಂಗಾಯತ ಮಠವೂ ಅದರ ಸುತ್ತಲಿನ ರೈತರೂ ಆಚರಿಸಿ ತೋರಿಸಿದ್ದರು. ನಾನು ಕೇಳಿದ ಪರಿಸರ ಪ್ರಬೋಧನೆಗಳಲ್ಲಿ ಸಂತ ಅಸ್ಸಿಸಿಯ ಫ್ರಾನ್ಸಿಸರ ಹಕ್ಕಿಗಳು ಬಂದಿವೆ. ಹಳ್ಳಿಗುಡಿಯ ರೈತರು ಬಂದಿಲ್ಲ. ಇದು ನಮ್ಮ ಓದಿನ ಕೊರತೆ ಮಾತ್ರವಲ್ಲ, ನೆರೆಹೊರೆಯ ಧರ್ಮಬಂಧುಗಳಿಂದ ಕಲಿಯುವ ವಿನಯದ ಕೊರತೆಯೂ ಹೌದು.

ಇದಕ್ಕೆ ಒಂದು ಗಂಭೀರ ಆಕ್ಷೇಪಣೆಯುಂಟು. ಚಿಕ್ಕ ಕಾರ್ಯಗಳನ್ನು ಹೀಗೆ ಕಿರಿದುಗೊಳಿಸಿದರೆ ಸಾಮಾನ್ಯ ವಿಶ್ವಾಸಿ ಕೈಚೆಲ್ಲಿ ಕುಳಿತಾನು. ಇಂಥ ಪ್ರಯತ್ನಗಳು ಲೋಕವನ್ನು ಬದಲಿಸಲಾರವೆಂದು ಭಾವಿಸಬಾರದೆಂದು 212ನೆಯ ಪರಿಚ್ಛೇದವೇ ಹೇಳುತ್ತದೆ. 230ರಲ್ಲಿ ಲಿಸ್ಯೂವಿನ ಸಂತ ತೆರೇಸಮ್ಮನವರ ‘ಚಿಕ್ಕ ಮಾರ್ಗ’ವನ್ನು ನಮ್ಮ ಮುಂದೆ ಇಡಲಾಗಿದೆ. ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಆದರೆ ತೆರೇಸಮ್ಮನವರು ತಮ್ಮ ಚಿಕ್ಕ ಮಾರ್ಗವನ್ನು ನಡೆದದ್ದು ಎಲ್ಲಿ? ಕಾರ್ಮೆಲ್ ಮಠದಲ್ಲಿ, ಒಂದೇ ನಿಯಮಾವಳಿಗೆ ಒಳಪಟ್ಟ ಸಹೋದರಿಯರ ನಡುವೆ. ಅವರ ಚಿಕ್ಕ ಕಾರ್ಯಕ್ಕೆ ತೂಕ ಬಂದದ್ದು ಅದನ್ನು ಹೊತ್ತು ನಿಂತ ಸಮುದಾಯದ ಬದುಕಿನೊಳಗೆ. ಆದುದರಿಂದ ಚಿಕ್ಕ ಕಾರ್ಯವನ್ನು ಬಿಡಬೇಕೆಂದು ನನ್ನ ವಾದವಲ್ಲ. ಅದಕ್ಕೆ ಸಮುದಾಯವೆಂಬ ಮನೆ ಕಟ್ಟಿಕೊಡಬೇಕೆಂದು ವಾದ.

ಆ ಮನೆಯ ಬಾಗಿಲುಗಳು ಈಗಾಗಲೇ ತೆರೆದಿವೆ. ಮಾಗಡಿ ಕೆರೆಯು ಕಾನೂನಿನ ದೃಷ್ಟಿಯಲ್ಲಿ ಸಂರಕ್ಷಣಾ ಮೀಸಲು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಂತೆ ಇಂಥ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯ ಜೊತೆಗೆ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳಿಗೂ ಸ್ವಯಂಸೇವಾ ಸಂಸ್ಥೆಗಳಿಗೂ ಸ್ಥಾನವಿದೆ. ಅದೇ ವರ್ಷದ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಹಕ್ಕಿಯ ಪಾಲು ಎಷ್ಟು, ರೈತನ ನಷ್ಟವನ್ನು ಯಾರು ಹೊರಬೇಕು, ಹೂಳು ಯಾವಾಗ ತೆಗೆಯಬೇಕು ಎಂಬ ಪ್ರಶ್ನೆಗಳನ್ನು ಎತ್ತಬೇಕಾದುದು ಇಲ್ಲಿ ಮತ್ತು ಗ್ರಾಮಸಭೆಯಲ್ಲಿ. ನಮ್ಮ ಧರ್ಮಕೇಂದ್ರದ ಒಬ್ಬ ವಿಶ್ವಾಸಿ ಅಲ್ಲಿ ಕುಳಿತು ನೆರೆಯವನ ಪರವಾಗಿ ಒಂದು ಮಾತು ಆಡಿದರೆ, ಅಂಗಳದ ಸಸಿಗಿಂತ ಅದು ಕಡಿಮೆಯ ಭಕ್ತಿಯಲ್ಲ.

ಅಮೆಜಾನ್ ಕುರಿತ 2019ರ ಧರ್ಮಾಧ್ಯಕ್ಷರ ಸಭೆಯ ಅಂತಿಮ ದಸ್ತಾವೇಜು ಪರಿಸರ ಸಂಬಂಧವಾದ ಪಾಪವನ್ನು ದೇವರಿಗೂ ನೆರೆಯವನಿಗೂ ಸಮುದಾಯಕ್ಕೂ ಪರಿಸರಕ್ಕೂ ವಿರುದ್ಧವಾದ ಕೃತ್ಯ ಅಥವಾ ಕರ್ತವ್ಯಲೋಪವೆಂದು ವಿವರಿಸಿತು. ಕರ್ತವ್ಯಲೋಪ ಎಂಬ ಮಾತನ್ನು ಗುರುಗಳಾದ ನಾವು ನಮಗೇ ಅನ್ವಯಿಸಿಕೊಳ್ಳೋಣ. ಪ್ರಬೋಧನೆಯನ್ನು ಸಿದ್ಧಪಡಿಸುವ ಗುರುವಿದ್ಯಾರ್ಥಿಗೆ ನಾನು ಈಗ ಒಂದೇ ಪ್ರಶ್ನೆಯನ್ನು ಹಾಕುತ್ತೇನೆ: ನೀನು ಬೋಧಿಸುವ ಈ ಕರುಣೆಯ ವೆಚ್ಚವನ್ನು ಯಾರು ಹೊರುತ್ತಾರೆ? ಅದಕ್ಕೆ ಉತ್ತರ ಹುಡುಕುವವನು 211ರಲ್ಲಿ ನಿಲ್ಲಲಾರನು. ಅವನು 219ನ್ನು ಓದಿ, ವಿಮೋಚನಕಾಂಡದಲ್ಲಿ ಒಂದು ವಚನ ಹಿಂದೆ ಸರಿದು, ಬಡವನೂ ಕಾಡುಜೀವಿಯೂ ಒಟ್ಟಿಗೆ ಉಣ್ಣುವ ಆ ಹೊಲದ ಬದುವಿಗೆ ಬಂದು ನಿಲ್ಲಬೇಕಾಗುತ್ತದೆ.