ಕ್ರಿಸ್ತನಿಲ್ಲದ ಓಲಿವ್ ತೋಪು: ವ್ಯಾನ್ ಗೋನ ಭೂದೃಶ್ಯಗಳನ್ನು ಕುರಿತು

ಗುರುದೀಕ್ಷೆಯ ದಿನಗಳು ಸಮೀಪಿಸಿದಂತೆ ನಮ್ಮ ಗುರುಮಠದ ಕೊಠಡಿಗಳಲ್ಲಿ ಬಣ್ಣದ ವಾಸನೆ ಹಬ್ಬುತ್ತದೆ. ದೀಕ್ಷೆ ಪಡೆಯಲಿರುವ ಗೆಳೆಯನಿಗೆ ಕೊಡಲೆಂದು ವಿದ್ಯಾರ್ಥಿಗಳು ಬೆಟ್ಟ, ತೊರೆ, ಹುಲ್ಲುಗಾವಲುಗಳನ್ನು ಬರೆದು, ಕೆಳಗೆ ಕೀರ್ತನೆಯ ಒಂದು ಚರಣವನ್ನು ಅಂದವಾಗಿ ನಮೂದಿಸುತ್ತಾರೆ. ಈ ಕಲೆಯನ್ನು ಹೊಸದಾಗಿ ಕಲಿಯುತ್ತಿದ್ದ ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ: “ಫಾದರ್, ಇದರಲ್ಲಿ ಯೇಸುಸ್ವಾಮಿಯೂ ಇಲ್ಲ, ಸಂತರೂ ಇಲ್ಲ. ಕೆಳಗಿನ ವಾಕ್ಯವನ್ನು ಅಳಿಸಿದರೆ ಇದು ಬರಿಯ ಬೆಟ್ಟವಲ್ಲವೇ?” ಇದೇ ಪ್ರಶ್ನೆಯನ್ನು ತನ್ನ ಬದುಕನ್ನೇ ಪಣಕ್ಕಿಟ್ಟು ಎದುರಿಸಿದ ಕಲಾವಿದನೆಂದರೆ ವಿನ್ಸೆಂಟ್ ವ್ಯಾನ್ ಗೋ.

ಡಚ್ ಪ್ರೊಟೆಸ್ಟೆಂಟ್ ಪಾಲಕರೊಬ್ಬರ ಮಗನಾಗಿ 1853ರಲ್ಲಿ ಹುಟ್ಟಿದ ಈತ ಮೊದಲು ಬಯಸಿದ್ದು ಬೋಧಕನಾಗಲು. 1876ರಲ್ಲಿ ಇಂಗ್ಲೆಂಡಿನ ರಿಚ್ಮಂಡ್‌ನಲ್ಲಿ ಆತ ನೀಡಿದ ಪ್ರಬೋಧನೆಯ ವಸ್ತು 119ನೆಯ ಕೀರ್ತನೆಯ 19ನೆಯ ಚರಣ: ಭೂಮಿಯ ಮೇಲೆ ಪ್ರವಾಸಿಯಾದ ಮನುಷ್ಯ. ಆ ಪ್ರಬೋಧನೆಯಲ್ಲಿಯೂ ಆತ ಸಂಜೆಯ ದಾರಿಯೊಂದರ ಚಿತ್ರವನ್ನು ವರ್ಣಿಸಿದ್ದ. ಮುಂದೆ ಬೆಲ್ಜಿಯಂನ ಬೊರಿನಾಜ್ ಗಣಿ ಪ್ರದೇಶದಲ್ಲಿ ಬಡವರ ನಡುವೆ ಸೇವೆ ಸಲ್ಲಿಸಿದ. ಆದರೆ 1879ರಲ್ಲಿ ಆತನ ನೇಮಕ ಮುಂದುವರಿಯಲಿಲ್ಲ. ಮರುವರ್ಷ, 27ನೆಯ ವಯಸ್ಸಿನಲ್ಲಿ, ಚಿತ್ರ ಬರೆಯುವುದನ್ನು ಮೊದಲಿನಿಂದ ಕಲಿಯತೊಡಗಿದ. ಮೀಯೆ ಎಂಬ ಫ್ರೆಂಚ್ ಕಲಾವಿದನ ‘ಬಿತ್ತುವವನು’ ಚಿತ್ರವನ್ನು ನೋಡಿ ನೋಡಿ ನಕಲು ಮಾಡಿದ. ಪೀಠವನ್ನು ಕಳೆದುಕೊಂಡವನು ಕೈಗೆತ್ತಿಕೊಂಡ ಮೊದಲ ಪಾಠವೇ ಶುಭಸಂದೇಶದ ಒಂದು ಸಾಮತಿಯಾದುದು ಗಮನಾರ್ಹ.

1888ರ ಜೂನ್‌ನಲ್ಲಿ ಆರ್ಲ್‌ನಲ್ಲಿ ಬರೆದ ‘ಬಿತ್ತುವವನು’ ಆ ಅಭ್ಯಾಸದ ಫಲ. ನೇರಳೆ ಛಾಯೆಯ ಉತ್ತ ಹೊಲ, ಕಾಳು ಹೆಕ್ಕಲು ಬಂದ ಹಕ್ಕಿಗಳು, ದಿಗಂತದಲ್ಲಿ ಹಳದಿ ಸೂರ್ಯ. ಸೂರ್ಯನ ಕೆಳಗೆ ಮಾಗಿದ ಗೋಧಿಯ ಸಾಲು ನಿಂತಿದೆ. ಬಿತ್ತನೆಯ ಹೊಲದ ಅಂಚಿನಲ್ಲೇ ಮಾಗಿದ ಪೈರು! ಈ ಸಂಯೋಜನೆಯಲ್ಲಿ ಮಾರ್ಕನ 4ನೆಯ ಅಧ್ಯಾಯದ ಬಿತ್ತನೆಯೂ, ಬಿತ್ತುವವನೂ ಕೊಯ್ಯುವವನೂ ಒಟ್ಟಿಗೆ ಸಂತೋಷಪಡುವ ಯೊವಾನ್ನನ 4ನೆಯ ಅಧ್ಯಾಯವೂ ಸೇರಿವೆಯೆಂದು ನಾನು ಓದುತ್ತೇನೆ. ಇಲ್ಲಿ ಕೆಳಗೆ ವಾಕ್ಯ ಬರೆಯುವ ಅಗತ್ಯ ಬೀಳುವುದಿಲ್ಲ. ವಾಕ್ಯ ಹೊಲದೊಳಗೇ ಇಳಿದಿದೆ.

ಆದರೆ ಕ್ರಿಸ್ತನನ್ನೇ ಬರೆಯಲು ಹೊರಟಾಗ ಆತನ ಕೈ ಹಿಂಜರಿಯಿತು. ಅದೇ ವರ್ಷ ಓಲಿವ್ ತೋಟದಲ್ಲಿ ಕ್ರಿಸ್ತನನ್ನೂ ದೇವದೂತನನ್ನೂ ಎರಡು ಬಾರಿ ಚಿತ್ರಿಸಿ, ಎರಡು ಬಾರಿಯೂ ಕೆರೆದು ಹಾಕಿದ. ಅಂಥ ಮಹತ್ವದ ಆಕೃತಿಗಳನ್ನು ಎದುರಿಗೆ ಮಾದರಿಯಿಲ್ಲದೆ ಬರೆಯುವುದು ಸಲ್ಲದೆಂಬುದು ಆತ ಕೊಟ್ಟ ಕಾರಣ. 1889ರಲ್ಲಿ ಗೆಳೆಯರಾದ ಗೊಗಾನ್ ಮತ್ತು ಬರ್ನಾರ್ಡ್ ಇಬ್ಬರೂ ಗೆತ್ಸೆಮನೆಯ ಕ್ರಿಸ್ತನನ್ನು ಬರೆದಾಗ ಆತ ಕಟುವಾಗಿ ಆಕ್ಷೇಪಿಸಿದ. ಚಾರಿತ್ರಿಕ ಗೆತ್ಸೆಮನೆಯನ್ನು ನೇರವಾಗಿ ತೋರಿಸದೆಯೇ ಯಾತನೆಯ ಅನುಭವವನ್ನು ಕೊಡಬಹುದು ಎಂಬುದು ಆತನ ವಾದ. ಸೇಂಟ್-ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿದ್ದ ಆತ ಸುತ್ತಲಿನ ಓಲಿವ್ ತೋಪುಗಳನ್ನು ಆ ಒಂದೇ ವರ್ಷದಲ್ಲಿ ಸುಮಾರು 15 ಬಾರಿ ಚಿತ್ರಿಸಿದ. ಆ ತಿರುಚಿದ ಕಾಂಡಗಳಲ್ಲಿ, ಅಲೆಯಂತೆ ಕದಡಿದ ನೆಲದಲ್ಲಿ ಲೂಕನ 22ನೆಯ ಅಧ್ಯಾಯದ ಬೆವರು ಕಾಣದವರು ವಿರಳ.

ಇದನ್ನು ಮೂರ್ತಿಭಂಜನೆಯೆಂದು ಎಣಿಸಬಾರದು. 1889ರ ಸೆಪ್ಟೆಂಬರ್‌ನಲ್ಲಿ ದೆಲಕ್ರ್ವಾನನ್ನು ಅನುಸರಿಸಿ ಈತನೇ ‘ಪಿಯೆತಾ’ವನ್ನು ಬರೆದಿದ್ದಾನೆ, ಅದರ ಒಂದು ಪ್ರತಿ ಇಂದು ವ್ಯಾಟಿಕನ್ ವಸ್ತುಸಂಗ್ರಹಾಲಯದಲ್ಲಿದೆ. ಆತ ವಿರೋಧಿಸಿದ್ದು ಕಾಣದೆ ಬರೆಯುವುದನ್ನು. ಈ ಪ್ರಾಮಾಣಿಕತೆಯನ್ನು ನಾವು ಗೌರವಿಸಬೇಕು. ಸೃಷ್ಟಿ ದೇವರ ಮಹಿಮೆಯನ್ನು ಸಾರುತ್ತದೆಂದು 19ನೆಯ ಕೀರ್ತನೆಯೂ, ಆತನ ಅದೃಶ್ಯ ಗುಣಗಳು ಸೃಷ್ಟಿಯ ಮೂಲಕ ಗೋಚರಿಸುತ್ತವೆಂದು ರೋಮನರಿಗೆ ಬರೆದ ಪತ್ರದ 1:20 ಕೂಡ ಹೇಳುವುದರಿಂದ, ಭೂದೃಶ್ಯಕ್ಕೆ ಪವಿತ್ರಗ್ರಂಥದ ಆಧಾರ ಇಲ್ಲದಿಲ್ಲ.

ಆದರೆ ಧರ್ಮಸಭೆ ಅಲ್ಲಿಗೇ ನಿಲ್ಲಲಿಲ್ಲ. ಅದೃಶ್ಯನಾದ ದೇವರನ್ನು ಬರೆಯಲಾಗದು ನಿಜ. ಆದರೆ ಆತ ಶರೀರಧಾರಿಯಾಗಿ ಮನುಷ್ಯರ ನಡುವೆ ಬಾಳಿದ ಮೇಲೆ, ಕಂಡದ್ದನ್ನು ಬರೆಯಬಹುದೆಂದು ಡಮಾಸ್ಕಸಿನ ಸಂತ ಯೊವಾನ್ನರು ವಾದಿಸಿದರು. 787ರ ಎರಡನೆಯ ನೈಸಿಯ ಮಹಾಸಭೆ ಪವಿತ್ರ ಚಿತ್ರಗಳ ಗೌರವವನ್ನು ಎತ್ತಿಹಿಡಿಯಿತು. ಕ್ರಿಸ್ತನ ಮುಖವನ್ನು ಬೆಟ್ಟಕ್ಕೋ ಬೆಳಕಿಗೋ ಸಂಪೂರ್ಣವಾಗಿ ಬಿಟ್ಟುಕೊಟ್ಟರೆ ಮಾನವಾವತಾರದ ಅರಿವು ತೆಳುವಾಗುತ್ತದೆ.

ಈ ಅಪಾಯ 1890ರ ಮೇ ತಿಂಗಳಿನ ‘ಲಾಸರನ ಪುನರುತ್ಥಾನ’ದಲ್ಲಿ ಸ್ಪಷ್ಟವಾಗುತ್ತದೆ. ಮೂಲ ರೆಂಬ್ರಾಂಟನ ಅಚ್ಚುಚಿತ್ರ. ಅಲ್ಲಿ ಕೈಯೆತ್ತಿ ನಿಂತ ಯೇಸುವನ್ನು ವ್ಯಾನ್ ಗೋ ಬಿಟ್ಟುಬಿಟ್ಟು, ಲಾಸರನನ್ನೂ ಇಬ್ಬರು ಸೋದರಿಯರನ್ನೂ ಮಾತ್ರ ಉಳಿಸಿಕೊಂಡು, ಹಿನ್ನೆಲೆಯಲ್ಲಿ ದೊಡ್ಡ ಸೂರ್ಯನನ್ನು ಇರಿಸಿದ. ಚಿತ್ರ ಮನಕಲಕುತ್ತದೆ, ಕೆಂಪು ಗಡ್ಡದ ಲಾಸರನಲ್ಲಿ ರೋಗಪೀಡಿತನಾದ ಕಲಾವಿದನೇ ಕಾಣುತ್ತಾನೆ. ಆದರೂ ಯೊವಾನ್ನನ 11ನೆಯ ಅಧ್ಯಾಯದ ತಿರುಳು ಇಲ್ಲಿ ತಪ್ಪಿಹೋಗಿದೆ. ಲಾಸರ ಎದ್ದದ್ದು ಬೆಳಕು ಬಿದ್ದುದರಿಂದಲ್ಲ, ಹೆಸರು ಹಿಡಿದು ಕರೆದುದರಿಂದ. ಸೂರ್ಯ ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಉದಯಿಸುತ್ತಾನೆ. ಆದರೆ ಆತ ಯಾರನ್ನೂ ಹೆಸರಿಡಿದು ಕರೆಯುವುದಿಲ್ಲ. ಭೂದೃಶ್ಯದ ಮಿತಿ ಇದೇ. ಅದು ಬೆಳಗಬಲ್ಲದು, ಕರೆಯಲಾರದು.

ಈ ಮಿತಿಗೆ ಉತ್ತರವೂ ವ್ಯಾನ್ ಗೋನಲ್ಲಿಯೇ ಇದೆಯೆಂಬುದು ನನ್ನ ಅಭಿಪ್ರಾಯ. ಅದು ಸಿಗುವುದು ಆತ ತನ್ನವರಿಗಾಗಿ ಬರೆದ ಚಿತ್ರಗಳಲ್ಲಿ. 1889ರಲ್ಲಿ ಆತ ತನ್ನ ಕೆಲವು ಚಿತ್ರಗಳನ್ನು ಚಿಕ್ಕ ಅಳತೆಯಲ್ಲಿ ಮತ್ತೆ ಬರೆದದ್ದು ತಾಯಿಗಾಗಿ ಮತ್ತು ತಂಗಿ ವಿಲ್ಲೆಮೀನಳಿಗಾಗಿ. ಅವುಗಳಲ್ಲಿ ಸಾವಿನ ರೂಪಕವೆಂದು ಆತ ಭಾವಿಸಿದ್ದ ‘ಕೊಯ್ಯುವವನು’ ಕೂಡ ಇತ್ತು. ವರ್ಷದ ಕೊನೆಯಲ್ಲಿ ಬರೆದ ‘ಓಲಿವ್ ಬಿಡಿಸುವ ಹೆಂಗಸರು’ ಚಿತ್ರದ ಒಂದು ಪ್ರತಿಯೂ ಅವರಿಗೇ ಮೀಸಲು. ಅದರಲ್ಲಿ ಗುಲಾಬಿ ಬಣ್ಣದ ಆಕಾಶ, ಒಂದು ಏಣಿ, ಮೂವರು ಹೆಂಗಸರು. ಯಾತನೆಯ ತೋಪೇ ಇಲ್ಲಿ ಸುಗ್ಗಿಯ ತೋಪಾಗಿದೆ. 1890ರ ಜನವರಿ 31ರಂದು ತಮ್ಮ ಥಿಯೊನಿಗೆ ಹುಟ್ಟಿದ ಮಗುವಿಗೆ ದೊಡ್ಡಪ್ಪನ ಹೆಸರನ್ನೇ ಇಟ್ಟಾಗ, ಆ ಕೂಸಿಗಾಗಿ ಬರೆದದ್ದು ನೀಲಿ ಆಕಾಶದಲ್ಲಿ ಹೂಬಿಟ್ಟ ಬಾದಾಮಿ ಕೊಂಬೆ. ಯೆರೆಮೀಯ ತನ್ನ ಕರೆಯ ದಿನ ಕಂಡದ್ದೂ ಬಾದಾಮಿಯ ರೆಂಬೆಯನ್ನೇ. ಕಲಾವಿದನ ಮನಸ್ಸಿನಲ್ಲಿ ಅದು ಇತ್ತೆಂದು ನಾನು ಹೇಳಲಾರೆ, ಆದರೆ ಪವಿತ್ರಗ್ರಂಥವನ್ನು ಬಲ್ಲ ಓದುಗನಿಗೆ ಅದು ನೆನಪಾಗದಿರದು. ಕೊಡುಗೆಯಾದಾಗ ಭೂದೃಶ್ಯಕ್ಕೆ ಒಂದು ವಿಳಾಸ ದೊರೆಯುತ್ತದೆ. ಚಿತ್ರದೊಳಗೆ ಇಲ್ಲದ ಕರೆಯನ್ನು ಕೊಡುವ ಕೈ ಪೂರೈಸುತ್ತದೆ.

ಹಾಗೆಂದು ಯಾವುದೇ ದೃಶ್ಯಕ್ಕೆ ಗೆಳೆಯನ ಹೆಸರು ಬರೆದರೆ ಅದು ಪವಿತ್ರಗ್ರಂಥದ ಚಿತ್ರವಾಗದು. ನಮ್ಮ ವಿದ್ಯಾರ್ಥಿಗಳು 23ನೆಯ ಕೀರ್ತನೆಗೆ ಬರೆಯುವ ಹುಲ್ಲುಗಾವಲು ಸಾಮಾನ್ಯವಾಗಿ ಕ್ಯಾಲೆಂಡರಿನಿಂದ ಬಂದದ್ದು: ಹಿಮದ ಶಿಖರ, ಪೈನ್ ಮರ, ತೊಳೆದಿಟ್ಟಂತಹ ಬಿಳಿ ಕುರಿಗಳು. ಆ ಕೀರ್ತನೆ ಹುಟ್ಟಿದ ನಾಡಿನಲ್ಲಿ ಹಸಿರೂ ನೀರೂ ಅಪರೂಪ; ಆದ್ದರಿಂದಲೇ ಅವುಗಳತ್ತ ನಡೆಸುವವನ ಮೇಲೆ ಅಷ್ಟು ಭರವಸೆ. ಕಂಬಳಿ ಹೊದ್ದು, ಬಯಲುಸೀಮೆಯ ಕೊಯ್ಲಾದ ಹೊಲಗಳಲ್ಲಿ ಕುರಿ ನಿಲ್ಲಿಸುತ್ತ, ಮೇವು ನೀರು ಅರಸಿ ಊರೂರು ನಡೆಯುವ ನಮ್ಮ ಕುರುಬ ಆ ಕುರಿಗಾಹಿಗೆ ಹೆಚ್ಚು ಹತ್ತಿರದವನು. ಅವನನ್ನು ಒಂದು ಮುಂಜಾನೆ ನಿಂತು ನೋಡದೆ ಬಣ್ಣ ಕಲಸುವುದು, ಧ್ಯಾನಿಸದೆ ಪ್ರಬೋಧನೆ ನೀಡಿದಂತೆಯೇ ಸರಿ.

ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಾನು ಇಷ್ಟನ್ನೇ ಹೇಳಿದೆ: ಮೊದಲು ಕೆಳಗಿನ ವಾಕ್ಯವನ್ನು ಅಳಿಸಿ ನೋಡು. ಬೆಟ್ಟ ಮೂಕವಾದರೆ, ಆ ಬೆಟ್ಟವನ್ನು ನೀನಿನ್ನೂ ನೋಡಿಲ್ಲ. ಬೆಟ್ಟ ಮಾತನಾಡಿದರೆ, ಗೆಳೆಯನ ಹೆಸರನ್ನು ಚಿತ್ರದ ಹಿಂಬದಿಯಲ್ಲಿ ಬರೆ. ಮುಂದೆ ಯಾವುದೋ ಧರ್ಮಕೇಂದ್ರದಲ್ಲಿ ಅವನು ಒಂಟಿಯಾಗಿ ಕುಳಿತ ಸಂಜೆ, ತನ್ನನ್ನು ಹೆಸರು ಹಿಡಿದು ಕರೆದವನನ್ನು ಆ ಚಿತ್ರ ನೆನಪಿಸಿದರೆ ಅದರ ಸೇವೆ ಸಾರ್ಥಕ.