ಒಳಗಿಳಿಯದ ಲೇಪನ

ಸೊಂಟದ ಕೃತಕ ಕೀಲು ಮೈಯಲ್ಲಿ ಭದ್ರವಾಗಿ ಕೂರಲು ಇರುವುದು ಎರಡು ದಾರಿ. ಸಿಮೆಂಟ್ ಹಾಕಿ ಕೂರಿಸಬೇಕು, ಇಲ್ಲವೇ ಮೂಳೆಯೇ ಬೆಳೆದು ಲೋಹವನ್ನು ಹಿಡಿದುಕೊಳ್ಳಬೇಕು. ಎರಡನೆಯದಕ್ಕೆ ನೆರವಾಗಲೆಂದು ಲೋಹಕ್ಕೆ ಹೈಡ್ರಾಕ್ಸಿಅಪಟೈಟ್ ಲೇಪಿಸುವ ಪದ್ಧತಿ 1980ರ ದಶಕದ ನಡುಭಾಗದಲ್ಲಿ ಯುರೋಪಿನಲ್ಲಿ ಬಳಕೆಗೆ ಬಂತು. ಮೂಳೆಯ ಖನಿಜಾಂಶಕ್ಕೆ ತೀರ ಹತ್ತಿರದ ಕ್ಯಾಲ್ಸಿಯಂ ಫಾಸ್ಫೇಟ್ ಅದು. ಈಗ ತ್ರೀಡಿ ಮುದ್ರಣದ ಟೈಟಾನಿಯಂ ಇಂಪ್ಲಾಂಟ್‌ಗಳಿಗೂ ಅದೇ ಲೇಪನ. ಅದರಿಂದ ಲಾಭವಿಲ್ಲವೆಂದಲ್ಲ, ಆದರೆ ಅದು ಎಲ್ಲ ರೋಗಿಗಳಿಗೂ ಬೇಕಾದದ್ದಲ್ಲ, ಹಳೆಯ ವಿಧಾನದಲ್ಲಂತೂ ಬೇಡವೇ ಬೇಡ.

ಮುದ್ರಿತ ಇಂಪ್ಲಾಂಟಿನ ಹೆಚ್ಚುಗಾರಿಕೆ ಇರುವುದು ಅದರ ಒಡಲಲ್ಲಿ. ಟೈಟಾನಿಯಂ ಮಿಶ್ರಲೋಹದ ಬಿಗುಪು ಸುಮಾರು 110 ಗಿಗಾಪಾಸ್ಕಲ್. ಗಟ್ಟಿ ಮೂಳೆಯದು 20ರ ಆಸುಪಾಸು. ಭಾರವನ್ನೆಲ್ಲ ಲೋಹವೇ ಹೊತ್ತರೆ ಪಕ್ಕದ ಮೂಳೆ ಕೆಲಸವಿಲ್ಲದೆ ಸೊರಗುತ್ತದೆ. ಕೆಲವು ನೂರು ಮೈಕ್ರಾನ್ ಅಗಲದ ರಂಧ್ರಗಳ ಜಾಲರಿಯಾಗಿ ಮುದ್ರಿಸಿದಾಗ ಈ ಬಿಗುಪು ಇಳಿಯುತ್ತದೆ, ರಕ್ತನಾಳಗಳಿಗೂ ಹೊಸ ಮೂಳೆಗೂ ಒಳಗೆ ಹಾದಿಯಾಗುತ್ತದೆ.

ಹಳೆಯ ಲೇಪನ ಸೋಲುವುದು ಇಲ್ಲಿಯೇ. ಹತ್ತು ಸಾವಿರ ಡಿಗ್ರಿ ಮೀರಿದ ಪ್ಲಾಸ್ಮಾದಲ್ಲಿ ಪುಡಿಯನ್ನು ಹಾಯಿಸಿ ಲೋಹದ ಮೇಲೆ ಎರಚುತ್ತಾರೆ. ಎದುರಿಗೆ ಕಂಡ ಮೈಗೆ ಮಾತ್ರ ಅದು ಹತ್ತುತ್ತದೆ, ತಿರುವಿನಾಚೆಯ ರಂಧ್ರಗಳು ಬರಿದಾಗಿಯೇ ಉಳಿಯುತ್ತವೆ. ಪದರ 50ರಿಂದ 150 ಮೈಕ್ರಾನ್ ದಪ್ಪವಿರುವುದರಿಂದ ಹೊರಗಿನ ರಂಧ್ರಗಳ ಬಾಯಿಯೂ ಕಿರಿದಾಗುತ್ತದೆ. ಮೂಳೆಗೆಂದು ತೆರೆದ ಬಾಗಿಲನ್ನು ಮೂಳೆಯ ಹೆಸರಿನಲ್ಲೇ ಅರೆಮುಚ್ಚುವ ಕೆಲಸವಿದು. ಇನ್ನೊಂದು ತೊಡಕೂ ಇದೆ. ಮುದ್ರಣದಿಂದ ಹೊರಬಂದ ಜಾಲರಿಯ ಎಳೆಗಳಿಗೆ ಪೂರ್ತಿ ಕರಗದ ಲೋಹದ ಕಾಳುಗಳು ಅಂಟಿಕೊಂಡಿರುತ್ತವೆ. ಅವನ್ನು ತೆಗೆಯದೆ ಲೇಪಿಸುವುದು ಧೂಳು ಕೊಡವದೆ ಗೋಡೆಗೆ ಸುಣ್ಣ ಹೊಡೆದಂತೆ: ಕಾಳು ಉದುರಿದರೆ ಲೇಪವೂ ಉದುರುತ್ತದೆ.

ಹೆಚ್ಚು ಭರವಸೆ ಮೂಡಿಸುವುದು ಕ್ಯೋಟೋದ ತದಾಶಿ ಕೊಕುಬೊ ರೂಪಿಸಿದ ದಾರಿ. ಟೈಟಾನಿಯಂ ಅನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ ಕಾಯಿಸಿದ ಮೇಲೆ, ರಕ್ತರಸದಂಥದೇ ಲವಣಗಳಿರುವ ನೀರಿನಲ್ಲಿಟ್ಟರೆ ಅಪಟೈಟ್ ತಾನಾಗಿ ಕಟ್ಟಿಕೊಳ್ಳುತ್ತದೆ. ದ್ರಾವಣ ಹರಿದಲ್ಲೆಲ್ಲ ಪದರ, ಅದೂ ತೆಳುವಾಗಿ. ಜಾಲರಿಯ ಸ್ವಭಾವಕ್ಕೆ ಒಪ್ಪುವ ಉಪಾಯ.

ಆದರೂ ಪ್ರಯೋಗಾಲಯದ ಮೊಲ, ಕುರಿಗಳಲ್ಲಿ ಕೆಲವೇ ವಾರಗಳಲ್ಲಿ ಕಂಡ ಮೂಳೆಯ ಬೆಳವಣಿಗೆಯನ್ನು ನಂಬಿ ಬೀಗುವಂತಿಲ್ಲ. ಸ್ವೀಡನ್ನಿನ ಸೊಂಟದ ಕೀಲು ದಾಖಲೆಯ 8,043 ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೈಡ್ರಾಕ್ಸಿಅಪಟೈಟ್ ಲೇಪಿಸಿದ ಬಟ್ಟಲುಗಳನ್ನು (ಕೃತಕ ಕೀಲಿನ ಗುಳಿಯ ಭಾಗ) ಮತ್ತೆ ಬದಲಿಸಬೇಕಾಗುವ ಅಪಾಯವೇ ಹೆಚ್ಚಾಗಿ ಕಂಡಿತು. ಅವು ಮುದ್ರಿತ ಬಟ್ಟಲುಗಳಲ್ಲ, ಹಿಂದಿನ ಕಾಲದ ವಿನ್ಯಾಸಗಳು, ನಿಜ. ಆದರೆ ಮೂಳೆ ಬೇಗ ಹಿಡಿಯುವುದೇ ಬೇರೆ, ಹಿಡಿದ ಮೂಳೆ ಇಪ್ಪತ್ತು ವರ್ಷ ಬಿಡದಿರುವುದೇ ಬೇರೆ ಎಂಬ ಪಾಠಕ್ಕೆ ವಿನ್ಯಾಸದ ಹಂಗಿಲ್ಲ.

ಮೂಳೆ ಚೆನ್ನಾಗಿರುವ ರೋಗಿಗೆ ಒಳ್ಳೆಯ ಜಾಲರಿಯೊಂದೇ ಸಾಕಾದೀತು. ಲೇಪನದ ನೆರವನ್ನು ಪರೀಕ್ಷಿಸಬೇಕಾದದ್ದು ಮೂಳೆ ಟೊಳ್ಳಾದವರಲ್ಲಿ, ಎರಡನೆಯ ಸಲ ಕೀಲು ಬದಲಿಸಿಕೊಳ್ಳುವವರಲ್ಲಿ, ಗೆಡ್ಡೆ ತೆಗೆದ ಜಾಗಕ್ಕೆ ವಿಕಿರಣ ಪಡೆದವರಲ್ಲಿ. ತಯಾರಕರು ಹೊಳೆಯುವ ಹೊರಮೈಯ ಫೋಟೊ ಮುಂದಿಟ್ಟರೆ ವೈದ್ಯರು ಒಪ್ಪಬಾರದು. ಇಂಪ್ಲಾಂಟನ್ನು ಅಡ್ಡಲಾಗಿ ಕೊಯ್ದು, ಲೇಪ ಎಷ್ಟು ಆಳಕ್ಕೆ ಇಳಿದಿದೆ ತೋರಿಸಿ ಎಂದು ಕೇಳಬೇಕು.